ನೋಡಿದಳು ಮತ್ತು ನೋಡಿದಳಂತೆ

ಹಳೆಯ ಇಂಗ್ಲಿಷ್ ಸಿನಿಮಾಗಳ ಹುಚ್ಚಿರುವ ಗೆಳೆಯರೊಬ್ಬರು ಕೆಲವು ತಿಂಗಳ ಹಿಂದೆ ನನಗೊಂದು ಚಿತ್ರ ಕೊಟ್ಟರು. ಹೆಸರು 'ವಿಟ್ನೆಸ್ ಟು ಮರ್ಡರ್'. 1954ರಲ್ಲಿ ಬಂದ ಕಪ್ಪು ಬಿಳುಪು ಚಿತ್ರ. ಕೊಡುವಾಗಲೇ ತೀರ್ಪನ್ನೂ ಕೊಟ್ಟರು: "ಅಂಥಾ ದೊಡ್ಡ ಚಿತ್ರವೇನಲ್ಲ ಸಾಹೇಬ್ರೆ. ಹಿಚ್‌ಕಾಕ್‌ನ 'ರಿಯರ್ ವಿಂಡೋ' ಮುಂದೆ ಇದು ಏನೂ ಅಲ್ಲ. ಆ ಹೆಂಗಸು ವಿಪರೀತ ಚೀರಾಡುತ್ತಾಳೆ."

ನಾನು ಚಿತ್ರ ನೋಡಿದೆ. ಎರಡು ಸಲ ನೋಡಿದೆ. ಎರಡನೆಯ ಸಲ ಅಮ್ಮಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಮಾತುಗಳನ್ನು ಅವರಿಗೆ ಉರ್ದುವಿನಲ್ಲಿ ಹೇಳುತ್ತಾ ನೋಡಿದೆ. ಆಮೇಲೆ ಗೆಳೆಯರ ತೀರ್ಪನ್ನು ಹಾಗೇ ಬಿಡಬಾರದು ಅನ್ನಿಸಿತು. ಚಿತ್ರ ದೊಡ್ಡದೋ ಸಣ್ಣದೋ ಎಂಬುದು ಬೇರೆ ಮಾತು. ಆದರೆ "ಹೆಂಗಸು ಚೀರಾಡುತ್ತಾಳೆ" ಎಂಬ ವಾಕ್ಯ ನನ್ನ ಗೆಳೆಯರೊಬ್ಬರದ್ದಲ್ಲ. ಅದೇ ಚಿತ್ರದೊಳಗಿನ ಪೊಲೀಸರು ಆಡುವ ಮಾತೂ ಅದೇ. ಎಪ್ಪತ್ತು ವರ್ಷ ಕಳೆದ ಮೇಲೂ, ಕೊಲೆಯನ್ನು ಕಣ್ಣಾರೆ ಕಂಡ ನಮ್ಮ ಪ್ರೇಕ್ಷಕ ಕೂಡ ಪೊಲೀಸನ ಪಕ್ಷವನ್ನೇ ವಹಿಸುತ್ತಾನೆ ಎಂದರೆ, ತೊಂದರೆ ಇರುವುದು ಪರದೆಯ ಮೇಲೆ ಅಲ್ಲ.

ಓದುಗರು ಈ ಚಿತ್ರ ನೋಡಿರಲಿಕ್ಕಿಲ್ಲ. ಕತೆ ಹೇಳಿಬಿಡುತ್ತೇನೆ. ಗುಟ್ಟು ಒಡೆಯುವ ಭಯವಿಲ್ಲ. ಕೊಲೆಗಾರ ಯಾರೆಂದು ಆರಂಭದಲ್ಲೇ ಗೊತ್ತಾಗುತ್ತದೆ.

ಲಾಸ್ ಏಂಜಲೀಸ್ ನಗರ. ಜೋರು ಗಾಳಿಯ ರಾತ್ರಿ. ಒಂಟಿಯಾಗಿ ಬದುಕುತ್ತಿರುವ ಶೆರಿಲ್ ಡ್ರೇಪರ್ ಎಂಬಾಕೆ ಕಿಟಕಿ ಮುಚ್ಚಲೆಂದು ಏಳುತ್ತಾಳೆ. ರಸ್ತೆಯಾಚೆಯ ಕಟ್ಟಡದ ಕಿಟಕಿಯಲ್ಲಿ ಒಬ್ಬ ಗಂಡಸು ಒಬ್ಬ ಹೆಂಗಸಿನ ಕುತ್ತಿಗೆ ಹಿಸುಕುತ್ತಿರುವುದು ಕಾಣುತ್ತದೆ. ಶೆರಿಲ್ ಪಾತ್ರ ಬಾರ್ಬರಾ ಸ್ಟ್ಯಾನ್‌ವಿಕ್ ಅವರದು. ಕೊಲೆಗಾರ ಆಲ್ಬರ್ಟ್ ರಿಕ್ಟರ್ ಆಗಿ ಜಾರ್ಜ್ ಸ್ಯಾಂಡರ್ಸ್. ಆಕೆ ತಕ್ಷಣ ಪೊಲೀಸರಿಗೆ ಫೋನು ಮಾಡುತ್ತಾಳೆ. ಒಬ್ಬ ಪ್ರಜೆ ಮಾಡಬೇಕಾದದ್ದನ್ನೇ ಮಾಡುತ್ತಾಳೆ. ಪೊಲೀಸರು ಬರುವುದರೊಳಗೆ ರಿಕ್ಟರ್ ಹೆಣವನ್ನು ಸರಿಸಿಬಿಟ್ಟಿರುತ್ತಾನೆ. ನಿದ್ದೆಯಿಂದ ಎದ್ದವನ ಹಾಗೆ ಬಾಗಿಲು ತೆರೆಯುತ್ತಾನೆ. ಆತ ಲೇಖಕ, ಸಭ್ಯ, ಮಾತು ಬಲ್ಲವನು. ಪೊಲೀಸರು ಆಕೆಯ ಮನೆಗೆ ಮರಳಿ ಬಂದು ಸಮಾಧಾನ ಹೇಳುತ್ತಾರೆ: ಕನಸು ಕಂಡಿರಬೇಕು.

ಅಲ್ಲಿಂದ ಕತೆ ಕೊಲೆಯದ್ದಾಗಿ ಉಳಿಯುವುದಿಲ್ಲ, ಆ ಹೆಂಗಸಿನ ತಲೆ ಸರಿಯಿದೆಯೇ ಎಂಬುದರ ಕತೆಯಾಗುತ್ತದೆ. ಆಕೆ ತಾನೇ ಪುರಾವೆ ಹುಡುಕಲು ಹೊರಡುತ್ತಾಳೆ. ಸತ್ತವಳ ಕಿವಿಯೋಲೆ ಸಿಕ್ಕಿತು ಎನ್ನುವಷ್ಟರಲ್ಲಿ ಕದ್ದವಳು ಅವಳೇ ಎನ್ನಿಸುವಂತೆ ರಿಕ್ಟರ್ ಮಾಡುತ್ತಾನೆ. ಕೊನೆಗೆ ಆತ ಹೂಡುವ ಉಪಾಯವೊಂದಿದೆ. ಅವಳಿಲ್ಲದಾಗ ಅವಳ ಮನೆಗೆ ನುಗ್ಗಿ, ಅವಳದೇ ಟೈಪ್‌ರೈಟರಿನಲ್ಲಿ ತನಗೇ ಬೆದರಿಕೆ ಪತ್ರಗಳನ್ನು ಟೈಪು ಮಾಡಿಕೊಳ್ಳುತ್ತಾನೆ. ಆ ಪತ್ರಗಳನ್ನು ಪೊಲೀಸರ ಮುಂದಿಡುತ್ತಾನೆ. ಅಕ್ಷರ ಹೋಲಿಸಿ ನೋಡಿದರೆ ಯಂತ್ರ ಅವಳದೇ. ಆಕೆ ಸಿಟ್ಟಿಗೇಳುತ್ತಾಳೆ. ಕೂಗುತ್ತಾಳೆ. ಅದೇ ಸಾಕಾಯಿತು. ಅವಳನ್ನು ಮನೋರೋಗಿಗಳ ವಾರ್ಡಿಗೆ ಸೇರಿಸುತ್ತಾರೆ.

ನನ್ನ ಗೆಳೆಯರಿಗೆ ಕೇಳಿಸಿದ ಚೀರಾಟ ಇದು. ನಾನು ಕೇಳುತ್ತೇನೆ: ಕಣ್ಣಾರೆ ಕಂಡ ಕೊಲೆಯನ್ನು ಹೇಳಿದ್ದಕ್ಕೆ ಹುಚ್ಚಿ ಎನ್ನಿಸಿಕೊಂಡವಳು ಹೇಗೆ ಮಾತಾಡಬೇಕಿತ್ತು? ಮೆಲ್ಲಗೆ ಹೇಳಿದಾಗ ಕನಸು ಎಂದರು. ಪುರಾವೆ ತಂದಾಗ ಕಳ್ಳಿ ಎಂದು ಅನುಮಾನಿಸಿದರು. ಜೋರಾಗಿ ಹೇಳಿದಾಗ ಹುಚ್ಚಿ ಎಂದರು. ಅವಳ ಮೌನಕ್ಕೂ ಒಂದು ಹೆಸರು ಸಿಗುತ್ತಿತ್ತು: ತಪ್ಪೊಪ್ಪಿಗೆ. ಯಾವ ದನಿಯಲ್ಲಿ ಹೇಳಿದರೂ ಸೋಲುವಂತೆ ಕಟ್ಟಿದ ಆಟ ಇದು.

ಇನ್ನು 'ರಿಯರ್ ವಿಂಡೋ'. ಅದೂ 1954ರದೇ, 'ವಿಟ್ನೆಸ್ ಟು ಮರ್ಡರ್' ಬಿಡುಗಡೆಯಾದ ಕೆಲವೇ ತಿಂಗಳಿಗೆ ತೆರೆಗೆ ಬಂತು. ಅಲ್ಲಿಯೂ ಕಿಟಕಿಯಿಂದ ಕಂಡ ಕೊಲೆಯ ಸಂಶಯ, ಅಲ್ಲಿಯೂ ನಂಬದ ಪೊಲೀಸ್. ಆದರೆ ಅಲ್ಲಿ ನೋಡುವವನು ಗಂಡಸು. ಕಾಲು ಮುರಿದುಕೊಂಡು ಗಾಲಿಕುರ್ಚಿಯಲ್ಲಿ ಕುಳಿತ ಫೋಟೋಗ್ರಾಫರ್. ಅವನು ನೆರೆಮನೆಗಳನ್ನು ದುರ್ಬೀನು ಹಿಡಿದು ದಿನಗಟ್ಟಲೆ ನೋಡುತ್ತಾನೆ. ಕೊಲೆಯಾದ ಗಳಿಗೆಯನ್ನು ಅವನು ಕಂಡೇ ಇಲ್ಲ, ಅವನದು ಊಹೆ. ಆದರೂ ಪ್ರೇಯಸಿ ನಂಬುತ್ತಾಳೆ, ನರ್ಸ್ ನಂಬುತ್ತಾಳೆ, ಪ್ರೇಯಸಿ ಜೀವ ಒತ್ತೆಯಿಟ್ಟು ಕೊಲೆಗಾರನ ಮನೆಯೊಳಗೆ ಹೋಗಿ ಬರುತ್ತಾಳೆ. ಪತ್ತೇದಾರ ಗೆಳೆಯ "ಪುರಾವೆ ಎಲ್ಲಿದೆ" ಎಂದು ಕೇಳುತ್ತಾನೆಯೇ ಹೊರತು "ನಿನ್ನ ತಲೆ ನೆಟ್ಟಗಿದೆಯೇ" ಎಂದು ವಾರ್ಡಿಗೆ ಕಳಿಸುವುದಿಲ್ಲ. ಗಂಡಸು ನೋಡಿದರೆ ಪ್ರಶ್ನೆ ಪುರಾವೆಯ ಮೇಲೆ. ಹೆಂಗಸು ನೋಡಿದರೆ ಪ್ರಶ್ನೆ ನೋಡಿದವಳ ಮೇಲೆ. ಹಿಚ್‌ಕಾಕ್‌ನ ಕಲೆಗಾರಿಕೆಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡದೆ ಒಂದನ್ನು ಗುಡಿಯಲ್ಲಿ, ಇನ್ನೊಂದನ್ನು ಗುಜರಿಯಲ್ಲಿ ಇಟ್ಟ ನಮ್ಮ ರಸಿಕತನದ ಬಗ್ಗೆ ತಕರಾರಿದೆ.

ಅದಕ್ಕೂ ಐದು ವರ್ಷ ಮೊದಲು, 1949ರಲ್ಲಿ, 'ದಿ ವಿಂಡೋ' ಎಂಬ ಚಿತ್ರ ಬಂದಿತ್ತು. ಅದರಲ್ಲಿ ಕೊಲೆ ನೋಡುವವನು ಒಬ್ಬ ಪುಟ್ಟ ಹುಡುಗ. ಅವನನ್ನೂ ಯಾರೂ ನಂಬುವುದಿಲ್ಲ. 'ರಿಯರ್ ವಿಂಡೋ' ಮತ್ತು 'ದಿ ವಿಂಡೋ' ಎರಡಕ್ಕೂ ಮೂಲ ಕತೆ ಬರೆದವರು ಒಬ್ಬರೇ, ಕಾರ್ನೆಲ್ ವೂಲ್ರಿಚ್. ಮಗು ಮತ್ತು ಹೆಂಗಸು ಒಂದೇ ಪಂಕ್ತಿಯಲ್ಲಿ, ಕಾಲು ಮುರಿದ ಗಂಡಸು ಬೇರೆ ಪಂಕ್ತಿಯಲ್ಲಿ. ಲೆಕ್ಕ ಸ್ಪಷ್ಟವಾಗಿದೆ.

ಹಾಗೆಂದು ಶೆರಿಲ್‌ಳ ಚಿತ್ರವನ್ನು ನಾನು ತಲೆ ಮೇಲೆ ಹೊತ್ತುಕೊಂಡಿಲ್ಲ. ಅದೂ ಅವಳಿಗೆ ದ್ರೋಹ ಮಾಡುತ್ತದೆ. ಎರಡು ಕಡೆ.

ಮೊದಲನೆಯದು, ಕೊಲೆಗಾರನನ್ನು ಹಳೆಯ ನಾಜಿ ಮಾಡಿದ್ದು. ಎರಡನೆಯ ಮಹಾಯುದ್ಧ ಮುಗಿದು ಆಗಿನ್ನೂ ಒಂಬತ್ತು ವರ್ಷ. ಕೆಟ್ಟವನು ಜರ್ಮನಿಯಿಂದ ಬಂದವನು ಎಂದರೆ ಅಮೆರಿಕದ ಪ್ರೇಕ್ಷಕ ನೆಮ್ಮದಿಯಿಂದ ಮನೆಗೆ ಹೋಗಬಹುದು. ಆದರೆ ಶೆರಿಲ್‌ಳನ್ನು ವಾರ್ಡಿಗೆ ಹಾಕಿದ್ದು ನಾಜಿ ಅಲ್ಲ. ಅಮೆರಿಕದ ಪೊಲೀಸರು, ಅಮೆರಿಕದ ವೈದ್ಯರು, ಎಲ್ಲರೂ ಸಭ್ಯರು, ಎಲ್ಲರೂ ಅವಳ ಒಳ್ಳೆಯದಕ್ಕೇ ಎಂದವರು. ರಿಕ್ಟರ್ ಮಾಡಿದ್ದು ಇಷ್ಟೇ: ಅವರ ಮನಸ್ಸಿನಲ್ಲಿ ಮೊದಲೇ ಇದ್ದುದನ್ನು ಬಳಸಿಕೊಂಡ. ಆ ಹೆಂಗಸಿಗೆ ಈಗ ಹುಚ್ಚಿಯ ಮುದ್ರೆ ಬಿದ್ದಿದೆ, ಇನ್ನು ಯಾರೂ ನಂಬುವುದಿಲ್ಲ ಎಂಬ ಧೈರ್ಯದಲ್ಲಿ ಆತ ಅವಳ ಮುಂದೆಯೇ ಕೊಲೆಯನ್ನು ಒಪ್ಪಿಕೊಳ್ಳುತ್ತಾನೆ. ಇಡೀ ಚಿತ್ರದಲ್ಲಿ ನನಗೆ ನಿದ್ದೆಗೆಡಿಸಿದ ಜಾಗ ಇದು. ಕೊಲೆಗಾರನಿಗೆ ವ್ಯವಸ್ಥೆಯ ಮೇಲಿರುವ ಭರವಸೆ ಸಾಕ್ಷಿಗೆ ಇಲ್ಲ!

ಎರಡನೆಯದು ಅಂತ್ಯ. ಕಟ್ಟುತ್ತಿರುವ ಕಟ್ಟಡವೊಂದರ ತುದಿಗೆ ಅವಳು ಓಡುತ್ತಾಳೆ, ರಿಕ್ಟರ್ ಬೆನ್ನಟ್ಟುತ್ತಾನೆ. ಕೆಳಗೆ ನೆರೆದ ಜನ ಅವಳು ಆತ್ಮಹತ್ಯೆಗೆ ಹತ್ತಿದ್ದಾಳೆಂದೇ ತಿಳಿಯುತ್ತಾರೆ. ಕೊನೆಗೆ ಪೊಲೀಸ್ ಅಧಿಕಾರಿ ಮ್ಯಾಥ್ಯೂಸ್ ಹತ್ತಿ ಬಂದು ಹೊಡೆದಾಡುತ್ತಾನೆ, ರಿಕ್ಟರ್ ಬಿದ್ದು ಸಾಯುತ್ತಾನೆ, ನಾಯಕಿಯನ್ನು ನಾಯಕ ಕಾಪಾಡುತ್ತಾನೆ. ಈ ಮ್ಯಾಥ್ಯೂಸ್ ಯಾರು? ಮೊದಲ ರಾತ್ರಿ "ಕನಸು" ಎಂದವನೇ. ಅವಳು ಹೇಳಿದ್ದು ಕೊನೆಗೂ ನಿಜವಾಗುವುದು ಅವಳು ನೋಡಿದ್ದರಿಂದ ಅಲ್ಲ, ಅವನು ಒಪ್ಪಿದ್ದರಿಂದ.

"ಹೋಗಲಿ ಬಿಡಿ, ಅದು ಹಳೆಯ ಕಾಲ" ಎನ್ನುವವರಿದ್ದಾರೆ. ಹೊಸ ಕಾಲ ನೋಡೋಣ. 'ದಿ ಗರ್ಲ್ ಆನ್ ದಿ ಟ್ರೇನ್' 2016ರಲ್ಲಿ ಬಂತು, 2021ರಲ್ಲಿ ಪರಿಣೀತಿ ಚೋಪ್ರಾ ಅಭಿನಯದಲ್ಲಿ ಹಿಂದಿಗೂ ಬಂತು. ರೈಲಿನ ಕಿಟಕಿಯಿಂದ ನೋಡುವ ಆ ಹೆಂಗಸು ಕುಡುಕಿ. ಅವಳ ನೆನಪೇ ಅವಳಿಗೆ ಕೈಕೊಡುತ್ತದೆ. ಅದೇ 2021ರಲ್ಲಿ 'ದಿ ವುಮನ್ ಇನ್ ದಿ ವಿಂಡೋ' ಬಂತು. ಇದರಲ್ಲಿ ಎದುರುಮನೆಯ ಕೊಲೆ ನೋಡುವವಳು ಮನೆಯಿಂದ ಹೊರಗೆ ಕಾಲಿಡಲಾರದ ಭಯದ ರೋಗಿ. ಗುಳಿಗೆ ನುಂಗುತ್ತಾಳೆ, ಮೇಲೆ ವೈನ್ ಕುಡಿಯುತ್ತಾಳೆ. 1954ರ ಶೆರಿಲ್ ಕುಡುಕಿಯಾಗಿರಲಿಲ್ಲ. ಕೆಲಸವಿದ್ದ, ಸ್ವಂತ ದುಡಿಮೆಯಿದ್ದ, ಎಚ್ಚರವಿದ್ದ ಹೆಂಗಸು. ಅವಳನ್ನು ನಂಬದಿರಲು ಪೊಲೀಸರು ಕಾರಣ ಹುಡುಕಬೇಕಾಯಿತು. ಈಗಿನ ಚಿತ್ರಗಳು ಆ ಕಷ್ಟವನ್ನೂ ಕೊಡುವುದಿಲ್ಲ. ನಂಬದಿರುವ ಕಾರಣವನ್ನು ಮೊದಲೇ ಅವಳ ಕೈಗೆ ಗ್ಲಾಸಿನಲ್ಲಿ ಕೊಟ್ಟು ಕಿಟಕಿಯ ಪಕ್ಕ ಕೂರಿಸುತ್ತವೆ. ಅರವತ್ತೇಳು ವರ್ಷದಲ್ಲಿ ನಾವು ಮುಂದೆ ಬಂದದ್ದೋ, ಹಿಂದೆ ಹೋದದ್ದೋ?

ಇದಕ್ಕೊಂದು ಉತ್ತರ ಬರುತ್ತದೆಂದು ಗೊತ್ತು. "ಕೊನೆಯಲ್ಲಿ ಅವಳು ಹೇಳಿದ್ದೇ ಸರಿ ಎಂದು ತೋರಿಸುತ್ತಾರಲ್ಲ? ಚಿತ್ರ ಅವಳ ಪರವಾಗಿಯೇ ಇದೆಯಲ್ಲ?" ಹೌದು, ಕೊನೆಯ ಹತ್ತು ನಿಮಿಷ. ಅದಕ್ಕೂ ಮುಂಚೆ ಒಂದೂವರೆ ಗಂಟೆ ಅವರು ನಮ್ಮನ್ನು ಪೊಲೀಸನ ಕುರ್ಚಿಯಲ್ಲಿ ಕೂರಿಸಿ, ಅವಳ ಪ್ರತಿ ಮಾತನ್ನೂ ತೂಗಿಸುತ್ತಾರೆ. ಅನುಮಾನ ಪಡುವುದನ್ನೇ ಮನರಂಜನೆ ಮಾಡುತ್ತಾರೆ. ಥಿಯೇಟರಿನಿಂದ ಹೊರಬರುವಾಗ ನಾವು ಮನೆಗೆ ಒಯ್ಯುವುದು ಕೊನೆಯ ಹತ್ತು ನಿಮಿಷವನ್ನೋ, ಒಂದೂವರೆ ಗಂಟೆಯ ಅಭ್ಯಾಸವನ್ನೋ?

ಅಮ್ಮಿ ಅಂದು ಚಿತ್ರ ನೋಡುತ್ತಾ ಒಂದು ಮಾತು ಹೇಳಿದರು. "ಅವಳು ಪೊಲೀಸರ ಹತ್ರ ಯಾಕೆ ಹೋದಳು ಬೇಟಾ? ಪಕ್ಕದ ಮನೆ ಹೆಂಗಸಿಗೆ ಹೇಳಬೇಕಿತ್ತು. ಅವಳು ನಂಬುತ್ತಿದ್ದಳು." ನಾನು ನಕ್ಕೆ. ಆಮೇಲೆ ನಗು ನಿಂತಿತು. ಅಗಾಥಾ ಕ್ರಿಸ್ಟಿ 1957ರಲ್ಲಿ ಬರೆದ '4.50 ಫ್ರಮ್ ಪ್ಯಾಡಿಂಗ್ಟನ್' ಕಾದಂಬರಿ ನೆನಪಾಯಿತು. ಅದರಲ್ಲಿ ವಯಸ್ಸಾದ ಹೆಂಗಸೊಬ್ಬಳು ರೈಲಿನಲ್ಲಿ ಹೋಗುವಾಗ, ಪಕ್ಕದಲ್ಲಿ ಸಮಕ್ಕೆ ಓಡುತ್ತಿರುವ ಇನ್ನೊಂದು ರೈಲಿನಲ್ಲಿ ಹೆಂಗಸಿನ ಕತ್ತು ಹಿಸುಕುವುದನ್ನು ನೋಡುತ್ತಾಳೆ. ರೈಲ್ವೆಯವರು ಹುಡುಕಿದರು, ಪೊಲೀಸರು ಹುಡುಕಿದರು, ಹೆಣ ಸಿಗಲಿಲ್ಲ. ಅವಳು ತನ್ನ ಗೆಳತಿ ಮಿಸ್ ಮಾರ್ಪಲ್‌ಗೆ ಹೇಳುತ್ತಾಳೆ. ಮಾರ್ಪಲ್ ತನ್ನ ಗೆಳತಿಯ ಕಣ್ಣಿನ ಪರೀಕ್ಷೆ ಮಾಡುವುದಿಲ್ಲ. ಗೆಳತಿ ನೋಡಿದ್ದು ನಿಜ ಎಂಬಲ್ಲಿಂದ ಹೊರಟು ಹೆಣ ಎಲ್ಲಿರಬಹುದೆಂದು ಯೋಚಿಸುತ್ತಾಳೆ. ನಂಬಿಕೆಯಿಂದ ಶುರು ಮಾಡಿದರೂ ಪತ್ತೇದಾರಿ ಕತೆ ಕಟ್ಟಬಹುದು, ರೋಚಕತೆ ಕೆಡುವುದಿಲ್ಲ. 1961ರಲ್ಲಿ ಇದು 'ಮರ್ಡರ್, ಶಿ ಸೆಡ್' ಎಂಬ ಚಿತ್ರವಾಯಿತು. ಚಿತ್ರದವರು ಆ ಗೆಳತಿಯನ್ನೇ ತೆಗೆದುಹಾಕಿ ಕೊಲೆಯನ್ನು ಮಾರ್ಪಲ್ ತಾನೇ ನೋಡುವಂತೆ ಮಾಡಿದರು. ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸನ್ನು ನಂಬಿದ್ದೇ ಕತೆಯ ಜೀವವಾಗಿತ್ತು. ಮೊದಲು ಕತ್ತರಿ ಬಿದ್ದದ್ದು ಅದಕ್ಕೇ.

ನಮ್ಮ ದೇಶಕ್ಕೂ ಬರೋಣ. 1993ರ 'ದಾಮಿನಿ' ಯಾರಿಗೆ ಗೊತ್ತಿಲ್ಲ? ಮನೆಗೆಲಸದ ಹುಡುಗಿಯ ಮೇಲೆ ಗಂಡನ ತಮ್ಮ ಮತ್ತು ಅವನ ಗೆಳೆಯರು ಎಸಗಿದ ಅತ್ಯಾಚಾರವನ್ನು ಸೊಸೆ ಕಣ್ಣಾರೆ ನೋಡುತ್ತಾಳೆ. ಹೇಳುತ್ತಾಳೆ. ಅವಳಿಗೂ ಸಿಗುವುದು ಹುಚ್ಚಾಸ್ಪತ್ರೆಯೇ. ಲಾಸ್ ಏಂಜಲೀಸಿನ ಪೊಲೀಸ್ ಠಾಣೆಗೂ ಮುಂಬಯಿಯ ಕೋರ್ಟಿಗೂ ನಡುವೆ ಸಮುದ್ರಗಳಿವೆ, ನಲವತ್ತು ವರ್ಷಗಳಿವೆ, ವಾರ್ಡಿನ ಬಾಗಿಲು ಮಾತ್ರ ಒಂದೇ. ಇಡೀ ಚಿತ್ರವನ್ನು ಹೊತ್ತವರು ಮೀನಾಕ್ಷಿ ಶೇಷಾದ್ರಿ. ಆದರೆ ಇವತ್ತು ಬೀದಿಯಲ್ಲಿ ಯಾರನ್ನಾದರೂ ಕೇಳಿ, 'ದಾಮಿನಿ' ಎಂದರೆ ನೆನಪಾಗುವುದು ಏನು? ವಕೀಲ ಸನ್ನಿ ದೇವಲ್ ಕೋರ್ಟಿನ ತಾರೀಖುಗಳ ಬಗ್ಗೆ ಗುಡುಗುವ ಮಾತು. ಪೋಷಕ ನಟನ ರಾಷ್ಟ್ರಪ್ರಶಸ್ತಿಯೂ ಅವರಿಗೇ ಬಂತು. ಒಂದನ್ನು ಗಮನಿಸಿ ಓದುಗರೇ: ಸನ್ನಿ ದೇವಲ್ ಕೂಗಿದರೆ ಅದು ಡೈಲಾಗು. ದಾಮಿನಿ ಕೂಗಿದರೆ ಅದು ಚೀರಾಟ, ಅದು ರೋಗ.

ಪರದೆಯ ಹೊರಗೆ ಏನಾಯಿತು? 2002ರ ಮಾರ್ಚ್ 1ರ ರಾತ್ರಿ ವಡೋದರದ ಬೆಸ್ಟ್ ಬೇಕರಿಯಲ್ಲಿ 14 ಜನರನ್ನು ಕೊಂದರು. ಹರೆಯದ ಹುಡುಗಿ ಝಾಹಿರಾ ಶೇಖ್ ಮುಖ್ಯ ಸಾಕ್ಷಿ. ಕೋರ್ಟಿನಲ್ಲಿ ಅವಳೂ ಸೇರಿ ಅನೇಕರು ಹೇಳಿಕೆ ಬದಲಿಸಿದರು. 2003ರ ಜೂನ್‌ನಲ್ಲಿ 21 ಆರೋಪಿಗಳೂ ಬಿಡುಗಡೆಯಾದರು. ಜೀವಭಯದಿಂದ ಸುಳ್ಳು ಹೇಳಿದೆ ಎಂದು ಅವಳು ಹೊರಬಂದು ಹೇಳಿದಳು. 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಮಹಾರಾಷ್ಟ್ರದಲ್ಲಿ ಮರುವಿಚಾರಣೆಗೆ ಆದೇಶಿಸಿತು. ಸಾಕ್ಷಿಗಳು ನ್ಯಾಯದ ಕಣ್ಣು, ಕಿವಿ ಎಂಬ ಬೆಂಥಮ್‌ನ ಮಾತನ್ನು ಆ ತೀರ್ಪು ನೆನಪಿಸಿತು. ಅದೇ ವರ್ಷ ಅವಳು ಮತ್ತೆ ಮಾತು ಬದಲಿಸಿದಳು. 2006ರ ಫೆಬ್ರವರಿಯಲ್ಲಿ ಮುಂಬಯಿ ನ್ಯಾಯಾಲಯ 9 ಜನರಿಗೆ ಶಿಕ್ಷೆ ವಿಧಿಸಿತು. ಮುಂದೆ 2012ರಲ್ಲಿ ಹೈಕೋರ್ಟು ಅವರಲ್ಲಿ ನಾಲ್ವರ ಶಿಕ್ಷೆಯನ್ನಷ್ಟೇ ಉಳಿಸಿತು. 2006ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಝಾಹಿರಾಳಿಗೆ ಒಂದು ವರ್ಷ ಜೈಲು, 50 ಸಾವಿರ ರೂಪಾಯಿ ದಂಡ ವಿಧಿಸಿತು.

ಅವಳು ತಪ್ಪು ಮಾಡಲಿಲ್ಲ ಎಂದು ನಾನು ಹೇಳುವುದಿಲ್ಲ. ಮಾಡಿದಳು. ಸತ್ತವರಿಗೆ ಅವಳ ಮಾತಿನ ಋಣವಿತ್ತು. ಆದರೆ ಸಾಕ್ಷಿಗಳನ್ನು ಕಾಪಾಡುವ ಯೋಜನೆಗೆ ಈ ದೇಶದಲ್ಲಿ ಸುಪ್ರೀಂ ಕೋರ್ಟಿನ ಒಪ್ಪಿಗೆ ಸಿಕ್ಕಿದ್ದು 2018ರ ಡಿಸೆಂಬರ್‌ನಲ್ಲಿ. ಶಿಕ್ಷೆ ಮೊದಲು ಬಂತು. ರಕ್ಷಣೆ ಹನ್ನೆರಡು ವರ್ಷ ಬಿಟ್ಟು ಬಂತು. ಸಿನಿಮಾದಲ್ಲಾದರೆ ಕಟ್ಟಡದ ತುದಿಗೆ ಒಬ್ಬ ಮ್ಯಾಥ್ಯೂಸ್ ಹತ್ತಿ ಬರುತ್ತಾನೆ.

ಕಾನೂನಿನ ಪುಸ್ತಕದಲ್ಲಿ ಮಾತ್ರ ಎಲ್ಲ ಚೆನ್ನಾಗಿದೆ. 1872ರ ಸಾಕ್ಷ್ಯ ಕಾಯ್ದೆಯಾಗಲಿ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದಿರುವ ಹೊಸ ಸಾಕ್ಷ್ಯ ಅಧಿನಿಯಮವಾಗಲಿ, ಸಾಕ್ಷಿ ಹೆಣ್ಣೋ ಗಂಡೋ ಎಂದು ಕೇಳುವುದಿಲ್ಲ. ಇಷ್ಟೇ ಸಾಕ್ಷಿಗಳಿರಬೇಕು ಎಂದೂ ಹೇಳುವುದಿಲ್ಲ. ಆದರೆ ಅದೇ ಹಳೆಯ ಕಾಯ್ದೆಯಲ್ಲಿ, ಅತ್ಯಾಚಾರದ ದೂರು ಕೊಟ್ಟವಳ ನಡತೆ ಕೆಟ್ಟದ್ದೆಂದು ತೋರಿಸಿ ಅವಳ ಮಾತನ್ನು ಅಲ್ಲಗಳೆಯಬಹುದು ಎಂಬ ಉಪವಿಧಿ ಇತ್ತು. 2002ರ ತಿದ್ದುಪಡಿ ಬರುವವರೆಗೆ, ಅಂದರೆ 130 ವರ್ಷ, ಅದು ಅಲ್ಲೇ ಇತ್ತು.

ಈಗ ನಮ್ಮ ಮನೆಯೊಳಗೆ ನೋಡಿಕೊಳ್ಳಬೇಕು. ಹೆಣ್ಣಿನ ಸಾಕ್ಷಿಯ ಮಾತು ಬಂದರೆ ಸಾಕು, ನಮ್ಮಲ್ಲಿ ಕೆಲವರು "ಇಬ್ಬರು ಹೆಂಗಸರು ಸೇರಿದರೆ ಒಬ್ಬ ಗಂಡಸು" ಎಂದುಬಿಡುತ್ತಾರೆ. ಸೂರಃ ಬಕರಃದ ಆ ವಚನ ಸಾಲದ ಕರಾರು ಬರೆಸಿಡುವ ಬಗ್ಗೆ ಇದೆ. ಅದು ಕೊಡುಕೊಳ್ಳುವವರಿಗೆ ಕೊಟ್ಟ ಸಲಹೆ, ನ್ಯಾಯಾಧೀಶನ ಕೈಕಟ್ಟುವ ನಿಯಮವಲ್ಲ ಎಂದು 14ನೇ ಶತಮಾನದಲ್ಲೇ ವಿದ್ವಾಂಸ ಇಬ್ನುಲ್ ಖಯ್ಯಿಮ್ ವಾದಿಸಿದ್ದರು. ಬೇರೆ ಅಭಿಪ್ರಾಯದ ವಿದ್ವಾಂಸರೂ ಇದ್ದರು, ಇದ್ದಾರೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದೇ ಕುರ್‌ಆನಿನ ಸೂರಃ ನೂರ್‌ನಲ್ಲಿ ಗಂಡ ಹೆಂಡತಿಯ ಮೇಲೆ ವ್ಯಭಿಚಾರದ ಆರೋಪ ಹೊರಿಸಿದರೆ, ಅವನ ಆಣೆಗೆ ಅವಳ ಆಣೆ ಸರಿಸಾಟಿ. ಅವಳ ಮಾತು ಅವಳನ್ನು ಶಿಕ್ಷೆಯಿಂದ ಉಳಿಸುತ್ತದೆ. ಹಜ್ರತ್ ಆಯಿಷಾರೊಬ್ಬರೇ ತಲುಪಿಸಿದ ಹದೀಸುಗಳು ಎರಡು ಸಾವಿರಕ್ಕೂ ಹೆಚ್ಚು. "ಇನ್ನೊಬ್ಬ ಹೆಂಗಸನ್ನು ಕರೆತನ್ನಿ" ಎಂದು ಯಾರೂ ಕೇಳಲಿಲ್ಲ. ದೀನನ್ನು ಹೆಣ್ಣಿನ ಮಾತಿನ ಮೇಲೆ ನಂಬಿದವರು, ಬೀದಿಯಲ್ಲಿ ನಡೆದ ಕೊಲೆಯನ್ನು ಅವಳ ಮಾತಿನ ಮೇಲೆ ನಂಬಲಾರರೇ?

ಇದನ್ನು ಕೇಳುವ ಹಕ್ಕು ನನಗೆ ಪೂರ್ತಿ ಇಲ್ಲ. ಯಾಕೆಂದು ಹೇಳಿ ಮುಗಿಸುತ್ತೇನೆ.

ನನಗಾಗ ಇಪ್ಪತ್ತು ತುಂಬಿರಲಿಲ್ಲ. ನಮ್ಮ ಓಣಿಯಲ್ಲಿ ಸೊಸೆಯೊಬ್ಬಳು ಸುಟ್ಟು ಸತ್ತಳು. ಸ್ಟವ್ ಸಿಡಿಯಿತು ಎಂದರು. ಎದುರುಮನೆಯ ಕಿಟಕಿಯಲ್ಲಿ ಕುಳಿತು ದಿನವಿಡೀ ಬೀಡಿ ಕಟ್ಟುತ್ತಿದ್ದ ಖಾಲಾ ಒಬ್ಬರಿದ್ದರು. ಹೊಗೆ ಏಳುವ ಮುಂಚೆ ಆ ಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ್ದನ್ನು ಅವರು ನೋಡಿದ್ದರು. ಹಾಕಿದವನನ್ನೂ ನೋಡಿದ್ದರು. ಹಿರಿಯರು ಸೇರಿದರು. ಅವರ ಹೇಳಿಕೆಯನ್ನು ಕನ್ನಡದಲ್ಲಿ ಬರೆದುಕೊಡಬೇಕಿತ್ತು. ಓಣಿಯಲ್ಲಿ ಕನ್ನಡ ಚೆನ್ನಾಗಿ ಬರೆಯುವವನು ನಾನು. "ಚಿಲಕ ಹಾಕಿದ್ದನ್ನು ನೋಡಿದೆ" ಎಂದು ಬರೆದೆ. ಹಿರಿಯರೊಬ್ಬರು ಓದಿಸಿ ಕೇಳಿ, "ಜರಾ ನರಮ್ ಲಿಖ್ ಬೇಟಾ" ಎಂದರು. ಸ್ವಲ್ಪ ಮೆತ್ತಗೆ ಬರಿ. ನಾನು ಮೆತ್ತಗೆ ಬರೆದೆ: "ಚಿಲಕ ಹಾಕಿದಂತೆ ಕಂಡಿತು." ಖಾಲಾಗೆ ಓದು ಬಾರದು. ಕೆಳಗೆ ಹೆಬ್ಬೆಟ್ಟು ಒತ್ತಿದರು. ಸಾವು ಆಕಸ್ಮಿಕವೆಂದು ದಾಖಲಾಯಿತು.

ಕತೆಗಾರ ಎಂದು ನನ್ನನ್ನು ಕರೆಯುತ್ತಾರೆ. ನಾನು ಬರೆದ ಅತ್ಯಂತ ಪರಿಣಾಮಕಾರಿ ವಾಕ್ಯ ಅದೇ ಇರಬೇಕು. ರಿಕ್ಟರ್ ಅವಳ ಟೈಪ್‌ರೈಟರಿನಲ್ಲಿ ಅವಳದಲ್ಲದ ಮಾತು ಬರೆದ. ನಾನು ಖಾಲಾನ ಹೆಬ್ಬೆಟ್ಟಿನ ಮೇಲೆ ಅವರದಲ್ಲದ ಮಾತು ಬರೆದೆ. ಅವನಿಗೆ ಯಂತ್ರ ಬೇಕಾಯಿತು. ನನಗೆ ಒಂದು 'ಅಂತೆ' ಸಾಕಾಯಿತು.

ಕನ್ನಡದಲ್ಲಿ ಈ 'ಅಂತೆ' ಬಹಳ ಸಣ್ಣ ಶಬ್ದ. ನೋಡಿದಳು ಎಂದರೆ ಸಾಕ್ಷಿ. ನೋಡಿದಳಂತೆ ಎಂದರೆ ಸುದ್ದಿ. ಉರ್ದುವಿನಲ್ಲಿ ಸಾಕ್ಷಿ ನುಡಿಯುವುದಕ್ಕೂ ಹುತಾತ್ಮರಾಗುವುದಕ್ಕೂ ಒಂದೇ ಮಾತಿದೆ, ಶಹಾದತ್. ಆ ಶಬ್ದ ನುಡಿದವರಿಂದ ಇಷ್ಟು ದೊಡ್ಡ ಬೆಲೆ ಕೇಳುವಾಗ, ಕೇಳಿಸಿಕೊಳ್ಳುವ ನಾವು ಕೊಡಬೇಕಾದ ಬೆಲೆ ಏನು? ಬಂದವಳನ್ನು ಕೂರಿಸಿ, ಅವಳು ಹೇಳಿದ್ದನ್ನು ಅವಳು ಹೇಳಿದಂತೆಯೇ ಬರೆದುಕೊಳ್ಳುವುದು. ಪರೀಕ್ಷೆ ಆಮೇಲೆ ಮಾಡೋಣ. ಎಲ್ಲ ಸಾಕ್ಷಿಗೂ ಪರೀಕ್ಷೆ ಇದ್ದೇ ಇದೆ. ಆದರೆ ಮೊದಲು ಪರೀಕ್ಷೆಯಾಗಬೇಕಾದದ್ದು ಎದುರುಮನೆಯ ಚಿಲಕ, ಅವಳ ತಲೆಯಲ್ಲ.

ಗೆಳೆಯರಿಗೆ ಚಿತ್ರವನ್ನು ಹಿಂತಿರುಗಿಸಿದ್ದೇನೆ. ಇನ್ನೊಮ್ಮೆ ನೋಡಿ ಎಂದು ಹೇಳಿದ್ದೇನೆ. ಅವಳು ಚೀರುವ ಜಾಗ ಬಂದಾಗ ದಯವಿಟ್ಟು ಸದ್ದು ಕಡಿಮೆ ಮಾಡಬೇಡಿ.